ಚರಕನ ಹೆಸರಿನಲ್ಲಿ ಸೀಸ

ಬಸುರಿಯರ ಆಯುರ್ವೇದ ಮಾತ್ರೆಗಳನ್ನು ಸಮರ್ಥಿಸುವವರು ಪ್ರಾಚೀನ ವೈದ್ಯ ಚರಕನನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಆ ಸಾಕ್ಷಿಯನ್ನು ಪೂರ್ತಿ ಕೇಳಿದರೆ, ಬಸುರಿಯರಿಗೆ ಕೊಡುವ ಗರ್ಭಪಾಲ ರಸ ಎಂಬ ಮದ್ದಿಗೆ ಅಂಟಿಕೊಂಡಿರುವ ನಿರಪಾಯಕಾರಿ ಎಂಬ ಹೆಸರು ಉಳಿಯುವುದಿಲ್ಲ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯ ತಿಂಗಳು ತಿಂಗಳಿನ ಆರೈಕೆಯ ವಿವರವಿದೆ. ಮೊದಲ ತಿಂಗಳು ಬರೀ ಹಾಲು. ಎರಡರಲ್ಲಿ ಮಧುರ ಮೂಲಿಕೆ ಹಾಕಿ ಕಾಸಿದ ಹಾಲು, ಮೂರರಲ್ಲಿ ಜೇನು-ತುಪ್ಪ ಸೇರಿದ ಹಾಲು, ಆಮೇಲೆ ಬೆಣ್ಣೆ, ತುಪ್ಪ. ಎಂಟರಲ್ಲಿ ಹಾಲಿನ ಗಂಜಿ. ಕಾಯಿಲೆ ಬಂದಾಗ ಹೇಳುವ ಮಾತು ಇನ್ನೂ ಬಿಗಿ: ಮದ್ದು ಮೃದುವಾಗಿರಬೇಕು, ಮಧುರವಾಗಿರಬೇಕು, ತಂಪಾಗಿರಬೇಕು, ವಾಂತಿ, ಭೇದಿ ಮಾಡಿಸಬಾರದು, ರಕ್ತ ತೆಗೆಯಬಾರದು. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಹಿಡಿಯುವ ಹಾಗೆ ಅವಳನ್ನು ನೋಡಿಕೊಳ್ಳಬೇಕು. ಇಲ್ಲಿ ವೈದ್ಯನಿಂದ ಚರಕ ಕೇಳುತ್ತಿರುವುದು ಸಂಯಮ. ಏನು ಕೊಡಬೇಕು ಎನ್ನುವಷ್ಟೇ ಗಟ್ಟಿಯಾಗಿ ಏನು ಕೊಡಬಾರದು ಎಂದೂ ಹೇಳುತ್ತಾನೆ.

ಈಗ ಗರ್ಭಪಾಲ ರಸದ ಸೂತ್ರ ನೋಡಿ. ಶುಂಠಿ, ಹಿಪ್ಪಲಿ, ಮೆಣಸು, ಏಲಕ್ಕಿ, ಕೊತ್ತಂಬರಿ, ದ್ರಾಕ್ಷಿ, ದೇವದಾರು ಎಲ್ಲ ಇವೆ. ಜೊತೆಗೆ ಇಂಗಳೀಕ ಇದೆ, ಅಂದರೆ ಪಾದರಸದ ಅದಿರು. ನಾಗಭಸ್ಮವಿದೆ, ಅಂದರೆ ಸೀಸ. ಇವು ಕಲಬೆರಕೆಯಿಂದ ಬಂದವಲ್ಲ, ಸೂತ್ರದಲ್ಲೇ ಇವೆ. ಚರಕನ ಕಾಲಕ್ಕಿಂತ ಬಹಳ ಈಚಿನ, ಪಾದರಸ-ಲೋಹಗಳಿಂದ ಮದ್ದು ಮಾಡುವ ರಸಶಾಸ್ತ್ರದ ಈ ಔಷಧವನ್ನು ಅವನ ಹಾಲು-ತುಪ್ಪದ ನೆರಳಲ್ಲಿ ಮಾರುವುದು ಅವನಿಗೇ ಮಾಡುವ ಅನ್ಯಾಯ.

ಶೋಧನ (ಲೋಹವನ್ನು ಶುದ್ಧಿ ಮಾಡುವುದು), ಮಾರಣ (ಸುಟ್ಟು ಭಸ್ಮ ಮಾಡುವುದು) ಸರಿಯಾಗಿ ನಡೆದರೆ ಲೋಹದ ವಿಷ ಅಳಿಯುತ್ತದೆ ಎಂಬುದು ಸಮರ್ಥಕರ ಉತ್ತರ. 2004ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಸೇಪರ್ ತಂಡ ಬೋಸ್ಟನ್ ಸುತ್ತಿನ ಅಂಗಡಿಗಳ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಾಗಲೂ ಇದೇ ವಾದ ಎದ್ದಿತು: ಲೋಹದ ಪ್ರಮಾಣ ಅಳೆದರೆ ಸಾಲದು, ಅದು ಯಾವ ರೂಪದಲ್ಲಿದೆ ಎಂದೂ ನೋಡಬೇಕು. ಆಕ್ಷೇಪದಲ್ಲಿ ಹುರುಳಿದೆ. ಆದರೆ 2011-12ರಲ್ಲಿ ನ್ಯೂಯಾರ್ಕಿನಲ್ಲಿ ಅಳೆದದ್ದು ರಕ್ತವನ್ನು. ಭಾರತದಲ್ಲಿ ತಯಾರಾದ ಆಯುರ್ವೇದ ಔಷಧ ಸೇವಿಸಿದ್ದ ಆರು ಗರ್ಭಿಣಿಯರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 16ರಿಂದ 64 ಮೈಕ್ರೋಗ್ರಾಂ ಸೀಸವಿತ್ತು. ಗರ್ಭಿಣಿಯರಲ್ಲಿ 5 ಮುಟ್ಟಿದರೇ ಎಚ್ಚರ ವಹಿಸಬೇಕೆಂಬುದು ಆಗ ಅಲ್ಲಿನ ಮಾರ್ಗಸೂಚಿಯಾಗಿತ್ತು. ಅವರು ಸೇವಿಸಿದ ಔಷಧಗಳಲ್ಲಿ ಗರ್ಭಪಾಲ ರಸವೂ ಇತ್ತು. ಸೀಸ ಮೂಲಧಾತು, ಎಷ್ಟು ಪುಟ ಕೊಟ್ಟರೂ, ಅಂದರೆ ಎಷ್ಟು ಸಲ ಸುಟ್ಟರೂ, ಅದು ಬೇರೆ ಧಾತುವಾಗದು. ರಕ್ತ ಸೇರಿದ ಮೇಲೆ ಮಾಸು ಅದನ್ನು ತಡೆಯುವುದಿಲ್ಲ. ಕೂಸಿನ ಮಿದುಳಿಗೆ ಇಷ್ಟು ಸೀಸ ನಿರಪಾಯ ಎಂಬ ಮಿತಿಯೇ ಇಲ್ಲ.

ಇದನ್ನೇ ನೆಪ ಮಾಡಿಕೊಂಡು ಆಯುರ್ವೇದವೆಲ್ಲ ವಿಷ ಎನ್ನುವ ಇನ್ನೊಂದು ಗುಂಪಿನ ಜೊತೆಗೂ ನನಗೆ ತಕರಾರಿದೆ. ಬಸುರಿಯ ವಾಕರಿಕೆಗೆ ಶುಂಠಿ ಕ್ಲಿನಿಕಲ್ ಪ್ರಯೋಗಗಳಲ್ಲಿ ಉಪಯುಕ್ತವೆಂದು ಕಂಡಿದೆ. ಅದನ್ನೂ ನಾಗಭಸ್ಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಜನ ಎರಡನೆಯದರ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಅಧಿಕೃತ ಗ್ರಂಥದಲ್ಲಿದ್ದಂತೆಯೇ ತಯಾರಿಸಿದ ಔಷಧಕ್ಕೆ ನಮ್ಮ ನಿಯಮಗಳು ಹೊಸ ಸುರಕ್ಷತಾ ಅಧ್ಯಯನವನ್ನು ಕೇಳುವುದಿಲ್ಲ. ಗರ್ಭಿಣಿಯರ ವಿಷಯದಲ್ಲಾದರೂ ಈ ವಿನಾಯಿತಿ ಹೋಗಬೇಕು. ಅಲ್ಲಿಯವರೆಗೆ ವೈದ್ಯರು ಗರ್ಭಪಾಲ ರಸವನ್ನು ಬರೆಯಬಾರದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹೆರಿಗೆ ಡಾಕ್ಟರಿಗೆ ಸೀಸೆ ತೋರಿಸಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ.