‘ಬೆಟ್ಟದ ಜೀವ’ದಲ್ಲಿ ಕಾಡು ಮತ್ತು ಕೃಷಿ

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಕಾದಂಬರಿಯನ್ನು ಮನುಷ್ಯನ ಛಲದ ವಿಜಯಗಾಥೆಯೆಂದು ಓದುವುದು ವಾಡಿಕೆ. ಕುಮಾರಪರ್ವತದ ತಪ್ಪಲಿನಲ್ಲಿ ಕಾಡು ಕಡಿದು ತೋಟವೆಬ್ಬಿಸಿದ ಗೋಪಾಲಯ್ಯನ ಬಾಳು ಈ ಮಾತಿಗೆ ಎಡೆಗೊಡುತ್ತದೆ, ನಿಜ. ಆದರೆ ಹಾಗೆ ಓದುವಲ್ಲಿ ಆನೆ ಹುಲಿಗಳು ನಾಯಕನ ಸಾಹಸಕ್ಕೆ ಒದಗಿದ ಅಡಚಣೆಗಳಾಗಿ ಮಾತ್ರ ಉಳಿಯುತ್ತವೆ. ಇದರಿಂದ ಕೃತಿಗೆ ಅನ್ಯಾಯವಾಗುತ್ತದೆ.

ಗೋಪಾಲಯ್ಯನದು ಬೆಟ್ಟವನ್ನು ಗೆದ್ದವನ ದರ್ಪವಲ್ಲ. ಅದನ್ನು ಬಿಟ್ಟಿರಲಾರದವನ ಮೋಹ. ಈ ಮೋಹಕ್ಕೆ ಆರ್ಥಿಕ ಆಧಾರವೂ ಉಂಟು. ಘಟ್ಟದ ತಪ್ಪಲಿನ ಅಡಕೆ ತೋಟಕ್ಕೆ ನೀರು ಕಾಡಿನ ತೊರೆಯಿಂದ, ಗೊಬ್ಬರದ ಸೊಪ್ಪು ಕಾಡಿನ ಮರಗಳಿಂದ ಬರತಕ್ಕದ್ದು. ವರ್ಗದ ಭೂಮಿಗೆ ತಾಗಿದ ಸರ್ಕಾರಿ ನೆಲದಿಂದ ಸೊಪ್ಪು ಸೌದೆಗಳನ್ನು ಪಡೆವ, ದಕ್ಷಿಣ ಕನ್ನಡದ ಕುಮ್ಕಿ ಪದ್ಧತಿಯು ಈ ಅವಲಂಬನೆಯನ್ನೇ ಒಪ್ಪಿಕೊಂಡದ್ದು. ಆದುದರಿಂದ ಕಾಡು ಅಳಿದಲ್ಲಿ ತೋಟವೂ ಉಳಿಯದು.

ಕಾದಂಬರಿಯ ಕೊರತೆಯೂ ಇಲ್ಲಿಯೇ ಇದೆ. ಮಗನು ಮನೆ ತೊರೆದ ದುಃಖವನ್ನು ಅದು ಆಳವಾಗಿ ತೂಗಿ ನೋಡುತ್ತದೆ. ನೆಲೆ ತಪ್ಪಿದ ಪ್ರಾಣಿಗಳ ಪಾಡನ್ನು ಅಷ್ಟಾಗಿ ತೂಗುವುದಿಲ್ಲ. 1943ರ ಕೃತಿಯಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವಿವೇಕವನ್ನು ಬೇಡುವುದು ಸಲ್ಲದು. ಆದರೆ ಕುಮಾರಪರ್ವತವು ಇಂದು ಪುಷ್ಪಗಿರಿ ವನ್ಯಧಾಮದ ಭಾಗ. ಆ ಧಾಮವು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ತಪ್ಪಲಿನ ತೋಟಗಳಿಗೆ ಆನೆ ಇಂದಿಗೂ ಇಳಿಯುತ್ತದೆ. ಕೃಷಿಕನನ್ನು ಒಕ್ಕಲೆಬ್ಬಿಸಿ ಕಾಡನ್ನು ಉಳಿಸಬೇಕೆಂಬ ವಾದಕ್ಕಾಗಲಿ, ಕಾಡನ್ನು ಕಡಿದು ಕೃಷಿಯನ್ನು ಬೆಳೆಸಬೇಕೆಂಬ ವಾದಕ್ಕಾಗಲಿ ಗೋಪಾಲಯ್ಯ ಸಾಕ್ಷಿಯಾಗಲಾರ. ಕಾಡಿನಂಚಿನಲ್ಲಿ ಬಾಳುವವನ ಕಷ್ಟವನ್ನೂ ಪ್ರೀತಿಯನ್ನೂ ಒಟ್ಟಿಗೆ ಕಾಣಿಸಿದ್ದೇ ಈ ಕೃತಿಯ ಬೆಲೆ. ವಿಮರ್ಶೆಯು ಅವುಗಳಲ್ಲಿ ಒಂದನ್ನು ಕೈಬಿಡಬಾರದು.