ತಾಯಿ ಯಾಕ ಬೀಗ ಹಾಕ್ತಾಳ?

ಹಬ್ಬಕ್ಕೆ ಅಸೂಟಿಗೆ ಹೋದಾಗ ಕಟ್ಟೆ ಮ್ಯಾಲೆ ಕುಂತು ಫೋನಿನಾಗ ಒಂದು ಹಳೇ ತೀರ್ಪು ಓದ್ತಿದ್ದೆ. “ಏನ್ ಓದಾಕತ್ತಿಯಪಾ?” ಅಂದ್ಲು ಅವ್ವ. “ಜೈಲಿನಾಗ ಇಟ್ಟವರನ್ನ ಸರ್ಕಾರ ತಾಯಿ ಹಂಗ ನೋಡ್ಕೋತೈತಿ ಅಂತ ಜಡ್ಜ್ ಬರದಾರವ್ವ” ಅಂದೆ. ಅವ್ವ ಕಾಳು ಹಸನು ಮಾಡ್ತಾನೇ, “ತಾಯಿ ಯಾಕ ಹೊರಗಿಂದ ಬೀಗ ಹಾಕ್ತಾಳ?” ಅಂದ್ಲು.

ಅದು 1976ರ ಏಪ್ರಿಲ್ 28ರ ಎಡಿಎಂ ಜಬಲ್‌ಪುರ ತೀರ್ಪು. ಅದಕ್ಕೂ ನಮ್ಮ ರಾಜ್ಯಕ್ಕೂ ಸಂಬಂಧ ಇದೆ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂದ್ರೆ ‘ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ, ಯಾವ ಕಾನೂನಿನಡಿ ಹಿಡಿದಿರಿ ಹೇಳಿ’ ಅನ್ನೋ ಅರ್ಜಿ. ಇಂಥ ಅರ್ಜಿ ಕೇಳಬಹುದು ಅಂತ ಹೇಳಿದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಸುಪ್ರೀಂ ಕೋರ್ಟು 4-1ರಲ್ಲಿ ಅದನ್ನು ಅಳಿಸಿಹಾಕಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲ ಓದಿದಾಗ ಬಹುಮತದ ವಾದ ನನಗೆ ಸರಿ ಅನ್ನಿಸಿತ್ತು. ಜೀವ, ಸ್ವಾತಂತ್ರ್ಯದ ಹಕ್ಕು ಇರೋದು 21ನೇ ವಿಧಿಯಲ್ಲಿ. ರಾಷ್ಟ್ರಪತಿ ಆದೇಶದಿಂದ ಆ ವಿಧಿಗಾಗಿ ಕೋರ್ಟಿಗೆ ಹೋಗೋ ದಾರಿ ಬಂದ್. ಆದ್ದರಿಂದ ಅರ್ಜಿ ಹಾಕೋ ಹಕ್ಕೂ ಇಲ್ಲ. ದಿನಾ ಕೋಡ್ ಬರೆಯೋ ನನಗೆ ಇದರಲ್ಲಿ ಒಂದು ಎರರ್ರೂ ಕಾಣಲಿಲ್ಲ. ಭಯ ಆಗಿದ್ದು ಆಮೇಲೆ. ಆಫೀಸಿನಲ್ಲಿ ಎಷ್ಟು ಸಲ ನಾನೂ ‘ರೂಲ್ ಹಂಗೇ ಇದೆ ಸರ್’ ಅಂತ ಹೇಳಿ ಕೈ ತೊಳ್ಕೊಂಡಿಲ್ಲ?

ತಪ್ಪು ಇರೋದು ಮೊದಲ ಸಾಲಿನಲ್ಲೇ. ಅದನ್ನು ಹಿಡಿದವರು ಒಬ್ಬರೇ, ಎಚ್.ಆರ್. ಖನ್ನಾ. ಜೀವದ ಹಕ್ಕು ಸಂವಿಧಾನ ಕೊಟ್ಟ ಬಕ್ಷೀಸಲ್ಲ, 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಸರ್ಕಾರ ಅದನ್ನು ಕಸಿಯುವಂತಿಲ್ಲ ಅಂದರು. ಪೊಲೀಸನೊಬ್ಬ ದ್ವೇಷದಿಂದ ಕೊಂದರೆ ಪರಿಹಾರ ಉಂಟೇ ಅಂತ ಅವರು ಕೇಳಿದಾಗ, ತುರ್ತುಸ್ಥಿತಿ ಇರೋತನಕ ಇಲ್ಲ ಅಂತ ಅಟಾರ್ನಿ ಜನರಲ್ಲೇ ಒಪ್ಪಿದ್ದರು. ಖನ್ನಾ ಬರವಣಿಗೆಯಲ್ಲಿ ಅಲಂಕಾರ ಕಡಿಮೆ. ‘ತಾಯಿ’ಯಂಥ ಉಪಮೆ ಬಂದಿದ್ದು ಬಹುಮತದ ಎಂ.ಎಚ್. ಬೇಗ್ ಅವರ ಪುಟಗಳಲ್ಲಿ. ವಾದ ಸೋತಲ್ಲಿ ಉಪಮೆ ಬಂದು ಕೂರ್ತದೆ ಅನ್ನೋದು ನನ್ನ ಅನುಮಾನ.

ಆ ತಾಯಿ ಎಂಥವಳು ಅಂತ ತಿಳಿಯಬೇಕಾದರೆ ತೀರ್ಪಿನ ಪಕ್ಕದಲ್ಲಿ ಸ್ನೇಹಲತಾ ರೆಡ್ಡಿಯವರ ಜೈಲು ದಿನಚರಿ ಇಟ್ಟು ಓದಬೇಕು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅವರೇ. ತೀರ್ಪು ಬಂದು ನಾಲ್ಕೇ ದಿನಕ್ಕೆ, ಮೇ 2ರಂದು ಅವರ ಬಂಧನ. ಆಸ್ತಮಾ ಇದ್ದ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ತೀರಿಕೊಂಡರು. ದಿನಚರಿ ಅಚ್ಚಾಗಿದ್ದು ಸತ್ತ ಮೇಲೆ. ಅದರಲ್ಲಿ ಜೈಲಿನ ಒಳಗಿನಿಂದ ಕಂಡದ್ದು ಇದೆ. ತೀರ್ಪಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಯಾಕಂದ್ರೆ ಕೇಳೋ ಬಾಗಿಲನ್ನೇ ಅದು ಮುಚ್ಚಿತ್ತು.

ಖನ್ನಾ ಅವರನ್ನು ಬದಿಗೆ ಸರಿಸಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು. ತೀರ್ಪು ರದ್ದಾಗಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ. 41 ವರ್ಷ ಬೇಕಾಯಿತು. ನಮ್ಮವ್ವನಿಗೆ ಕಾಳು ಹಸನು ಮಾಡೋ ಅಷ್ಟು ಹೊತ್ತು ಸಾಕಾಯ್ತು.