ನಡುದಾರಿಯ ಶಿಬಿರ ಕೇಳಬೇಕಾದ ಪ್ರಶ್ನೆ

ಪರದೇಶದಲ್ಲಿ ಸೇವೆ ಸಲ್ಲಿಸಲು ಹೊರಡುವ ಯುವಜನರಿಗೆ ತರಬೇತಿ ಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಜರ್ಮನ್ ಸರ್ಕಾರ 2008ರಲ್ಲಿ ಆರಂಭಿಸಿದ ‘ವೆಲ್ಟ್‌ವೇರ್ಟ್ಸ್’ ಯೋಜನೆಯನ್ನೇ ನೋಡೋಣ. 18ರಿಂದ 28 ವರ್ಷದೊಳಗಿನ ಯುವಕ ಯುವತಿಯರು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷ ದುಡಿಯುತ್ತಾರೆ. ನಮ್ಮ ಕರ್ನಾಟಕಕ್ಕೂ ಹೀಗೆ ಬಂದವರಿದ್ದಾರೆ. ಹೊರಡುವ ಮುನ್ನ, ನಡುವೆ ಮತ್ತು ಮರಳಿದ ಬಳಿಕ, ಒಟ್ಟು ಕನಿಷ್ಠ 25 ದಿನಗಳ ಶಿಬಿರಗಳು ಈ ಯೋಜನೆಯಲ್ಲಿ ಕಡ್ಡಾಯ.

ಇವುಗಳಲ್ಲಿ ನಡುವಿನ ಶಿಬಿರಕ್ಕೆ ವಿಶೇಷ ಮಹತ್ವವಿದೆ. ಹೊರಡುವ ಮುನ್ನ ಇರುವುದು ಕಲ್ಪನೆ ಮಾತ್ರ. ಮರಳಿದ ಮೇಲೆ ಉಳಿಯುವುದು ನೆನಪು ಮಾತ್ರ. ಅನುಭವವೂ ತಿದ್ದಿಕೊಳ್ಳುವ ಅವಕಾಶವೂ ಒಟ್ಟಿಗೆ ಇರುವುದು ನಡುದಾರಿಯಲ್ಲಿ. ಕೆಲಸದ ಸ್ಥಳ ಬಿಟ್ಟು ಕೆಲವು ದಿನ ಒಂದೆಡೆ ಸೇರುವ ಈ ಯುವಜನರು ತಮ್ಮ ಒಂಟಿತನ, ಭಾಷೆಯ ತೊಡಕು, ಕೈಗೂಡದ ನಿರೀಕ್ಷೆಗಳನ್ನು ಮನಬಿಚ್ಚಿ ಹೇಳಿಕೊಳ್ಳುತ್ತಾರೆ. ಇದು ಮೆಚ್ಚತಕ್ಕದ್ದೇ.

ಆದರೆ ಆ ವೃತ್ತದಲ್ಲಿ ಕುಳಿತವರು ಯಾರು? ಅನ್ನವಿಕ್ಕಿದ ಮನೆಯೊಡತಿ ಅಲ್ಲಿಲ್ಲ. ತನ್ನ ಪಾಠದ ವೇಳೆಯನ್ನು ಬಿಟ್ಟುಕೊಟ್ಟ ಶಿಕ್ಷಕಿ ಇಲ್ಲ. ವರ್ಷಕ್ಕೊಬ್ಬ ‘ಅಕ್ಕ’ನನ್ನು ಹಚ್ಚಿಕೊಂಡು, ವರ್ಷವರ್ಷವೂ ಅವಳನ್ನು ಕಳೆದುಕೊಳ್ಳುವ ಮಗುವೂ ಇಲ್ಲ. ನಾನೇನು ಕಲಿತೆ, ಹೇಗೆ ಬೆಳೆದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಸಹಜವಾಗಿಯೇ ಎಡೆ ದೊರೆಯುತ್ತದೆ. ನನ್ನ ಬರವಿನಿಂದ ಇವರಿಗೇನಾಯಿತು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರೇ ಅಲ್ಲಿರುವುದಿಲ್ಲ. ಸೇವೆ ಪಡೆದವರಿಲ್ಲದ ಸೇವೆಯ ವಿಮರ್ಶೆ ಅರ್ಧ ವಿಮರ್ಶೆಯೇ ಸರಿ.

ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಎತ್ತಿದವರು ಇವಾನ್ ಇಲಿಚ್. ವಿಯೆನ್ನಾದಲ್ಲಿ ಹುಟ್ಟಿ ಕಥೋಲಿಕ ಗುರುಗಳಾದ ಅವರು, 1961ರಲ್ಲಿ ಮೆಕ್ಸಿಕೋದ ಕುಎರ್ನವಾಕದಲ್ಲಿ ತರಬೇತಿ ಕೇಂದ್ರವೊಂದನ್ನು ತೆರೆದು, ಧರ್ಮಪ್ರಚಾರಕರಿಗೂ ಸ್ವಯಂಸೇವಕರಿಗೂ ಸ್ಪ್ಯಾನಿಷ್ ಭಾಷೆ ಕಲಿಸುವ ವ್ಯವಸ್ಥೆ ಮಾಡಿದವರು. 1968ರ ಏಪ್ರಿಲ್ 20ರಂದು, ಮೆಕ್ಸಿಕೋದ ಹಳ್ಳಿಗಳಲ್ಲಿ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು ಅವರು ಮಾಡಿದ ಭಾಷಣ ಇಂದಿಗೂ ಚರ್ಚೆಯಲ್ಲಿದೆ. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂಬುದು ಅದರ ತಿರುಳು. ಬಡವನಿಗೆ ನಿಮ್ಮನ್ನು ಬೇಡವೆನ್ನುವ ಶಕ್ತಿ ಇದೆಯೇ, ಅವನು ಬೇಡವೆಂದರೆ ಅದು ನಿಮಗೆ ಅರ್ಥವಾದೀತೇ ಎಂಬುದು ಅವರ ಮೂಲಪ್ರಶ್ನೆಯಾಗಿತ್ತು.

ಇಲಿಚ್ ಅವರ ಮಾತನ್ನು ಅಕ್ಷರಶಃ ಪಾಲಿಸಿದರೆ ದೇಶದೇಶಗಳ ನಡುವಿನ ಬಾಗಿಲುಗಳೇ ಮುಚ್ಚಿಯಾವು. ಅದು ನನಗೆ ಒಪ್ಪಿಗೆಯಲ್ಲ. 2013ರಿಂದ ಭಾರತದಂತಹ ದೇಶಗಳ ಯುವಜನರೂ ಇದೇ ಯೋಜನೆಯಡಿ ಜರ್ಮನಿಗೆ ಸೇವೆಗೆ ಹೋಗಲು ಅವಕಾಶ ದೊರೆತದ್ದು ಬಾಗಿಲು ಎರಡೂ ಕಡೆಗೆ ತೆರೆಯಬಲ್ಲದೆಂಬುದಕ್ಕೆ ಸಾಕ್ಷಿ. ಆದರೂ ಅವರ ಪ್ರಶ್ನೆ ನಡುವಿನ ಶಿಬಿರದ ಮೊದಲ ದಿನದ ಪ್ರಶ್ನೆಯಾಗಲಿ. ಉತ್ತರ ಹೇಳಲು ಆತಿಥೇಯರಿಗೂ ಅಲ್ಲೊಂದು ಪೀಠವಿರಲಿ.

ಹಾಗೆ ಕರೆದಾಗ ನಾವು ಬಾಯಿಬಿಡುವೆವೇ? ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಎಲ್ಲಕ್ಕೂ ನಕ್ಕು ತಲೆಯಾಡಿಸುವುದು ನಮ್ಮ ವಾಡಿಕೆ. ಆ ಸೌಜನ್ಯ ದೊಡ್ಡದು. ಆದರೆ ಅದು ಅತಿಥಿಯನ್ನು ಕತ್ತಲೆಯಲ್ಲಿಡುತ್ತದೆ. ಪ್ರೀತಿಯಿಂದ ಹೇಳಿದ ಒಂದು ನಿಷ್ಠುರ ಸತ್ಯವೂ ಆತಿಥ್ಯದ ಭಾಗವೇ ಅಲ್ಲವೇ?